ಅಂದಾಜಿನ ಮಾತು

"ಉಪ್ಪು ಅಂದಾಜ ನೋಡಿ ಹಾಕವಾ" ಎಂದು ಹೊಸದಾಗಿ ಮನೆಗೆ ಬಂದ ಸೊಸೆಗೆ ಅತ್ತೆ ಹೇಳುತ್ತಾಳೆ. ಯಾರ ಅಂದಾಜು? ಸೊಸೆಯ ತವರಿನದೋ, ಈ ಮನೆಯದೋ? ಉಪ್ಪು ಹೆಚ್ಚಾದ ಮೇಲೆ ಮಾತ್ರ "ಇಷ್ಟೂ ತಿಳಿಯಂಗಿಲ್ಲೇನು ನಿನಗ?" ಎಂಬ ಮಾತು ತಪ್ಪದೆ ಬರುತ್ತದೆ. ಹೇಳಿದವಳು ನಿಶ್ಚಿಂತೆ, ಕೇಳಿದವಳೇ ಅಪರಾಧಿ. ಇದು ಅಡಿಗೆಮನೆಗಷ್ಟೇ ಸೇರಿದ ಸಂಗತಿಯಲ್ಲ. ಕಾಲೇಜುಗಳಲ್ಲಿ ಮಕ್ಕಳಿಗೆ ಬರವಣಿಗೆ ಹೇಳಿಕೊಡುವ ರೀತಿಯೂ ಬಹಳ ಸಲ ಹೀಗೇ ಇರುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗಿಯರನ್ನು ನೀವೂ ನೋಡಿರುತ್ತೀರಿ. ಅವರಲ್ಲಿ ಎಷ್ಟೋ ಜನ ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಪ್ರಶ್ನೆಪತ್ರಿಕೆ ಒಮ್ಮೆ 'ವಿವರಿಸಿ' ಎನ್ನುತ್ತದೆ, ಒಮ್ಮೆ 'ಹೋಲಿಸಿ', ಮತ್ತೊಮ್ಮೆ 'ವಿಮರ್ಶಿಸಿ'. ಹುಡುಗಿ ಮೂರಕ್ಕೂ ಗೈಡಿನಿಂದ ಬಾಯಿಪಾಠ ಮಾಡಿದ ಅದೇ ನಾಲ್ಕು ಪುಟ ಬರೆಯುತ್ತಾಳೆ. ಸ್ವಂತ ಬುದ್ಧಿ ಇಲ್ಲ ಎಂದುಬಿಡುವುದು ಸುಲಭ. ಆದರೆ ವಿವರಿಸುವುದೆಂದರೆ ಗೊತ್ತಿಲ್ಲದವರಿಗೆ ತಿಳಿಯುವಂತೆ ಬಿಡಿಸಿ ಹೇಳುವುದು. ಹೋಲಿಸುವುದೆಂದರೆ ಎರಡು ಸಂಗತಿ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ತೋರಿಸುವುದು. ವಿಮರ್ಶಿಸುವುದೆಂದರೆ ತನ್ನ ಅಭಿಪ್ರಾಯ ಹೇಳಿ ಅದಕ್ಕೆ ಕಾರಣ ಕೊಡುವುದು. ಇದನ್ನು ಅವಳಿಗೆ ಹೇಳಿದವರು ಯಾರು? ಓದಿದ ಅಕ್ಕನೋ ಕಾಕಾನೋ ಮನೆಯಲ್ಲಿದ್ದ ಹುಡುಗಿಗೆ ಇದೆಲ್ಲ ಊಟದ ಹೊತ್ತಿನ ಮಾತಿನಲ್ಲೇ ತಿಳಿದಿರುತ್ತದೆ. ಅಸ್ಪಷ್ಟ ಸೂಚನೆ ಎಲ್ಲರಿಗೂ ಒಂದೇ ಎನಿಸಿದರೂ ಮೊದಲೇ ಗೊತ್ತಿದ್ದವರ ಕಡೆಗೆ ವಾಲಿರುತ್ತದೆ. ಆದ್ದರಿಂದ ಸ್ಪಷ್ಟವಾಗಿ ಹೇಳುವುದು ಬರೀ ಜಾಣ್ಮೆಯ ಮಾತಲ್ಲ, ನ್ಯಾಯದ ಮಾತು.

ಈ ತೊಡಕು ನಮ್ಮಲ್ಲಷ್ಟೇ ಇಲ್ಲ. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ, ಹೈಸ್ಕೂಲು ಮುಗಿಸಿದ ನಗರದ ಮಕ್ಕಳಿಗೆಲ್ಲ ಬಾಗಿಲು ತೆರೆಯಿತು. ಬಡವರ ಮಕ್ಕಳು ಬಂದರು. ಅವರ ಬರಹ ಕಂಡು, ಇವರಿಗೆ ಕಾಲೇಜು ಸಲ್ಲದು ಎಂದವರಿದ್ದರು. ಅಲ್ಲಿ ಕಲಿಸುತ್ತಿದ್ದ ಮೀನಾ ಶಾನೆಸಿ ಎಂಬ ಅಧ್ಯಾಪಕಿ ಆ ಮಕ್ಕಳ ಸುಮಾರು 4000 ಪ್ರಬಂಧಗಳನ್ನು ಕೂತು ಓದಿದರು. ತಪ್ಪುಗಳ ಹಿಂದೆ ಇರುವುದು ದಡ್ಡತನವಲ್ಲ, ಅಲ್ಲೂ ಒಂದು ತರ್ಕವಿದೆ, ಈ ಮಕ್ಕಳು ಬರವಣಿಗೆಗೆ ಹೊಸಬರು ಅಷ್ಟೇ ಎಂದು 1977ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು.

ಹೊಸಬರಿಗೆ ಕಾಣದೆ ಉಳಿಯುವ ಇನ್ನೊಂದು ಸಂಗತಿ ಇದೆ. ಬರಹ ಒಂದೇ ಸಲಕ್ಕೆ ಆಗುವುದಿಲ್ಲ. ಗಜೇಂದ್ರಗಡದ ಪಟ್ಟೆದಂಚು ಸೀರೆ ನೋಡಿದವರಿಗೆ ಅಂಚು, ಚೌಕಳಿ ಕಾಣುತ್ತವೆ. ಮೊದಲು ಕಂಡಿಕೆ ಸುತ್ತಿದ್ದು, ಹಾಸು ಹಾಕಿದ್ದು, ಹರಿದ ಎಳೆಗೆ ಗಂಟು ಹಾಕಿದ್ದು ಕಾಣುವುದಿಲ್ಲ. ನೇಕಾರರ ಮನೆಯ ಮಗಳಿಗೆ ಇದನ್ನು ಹೇಳಬೇಕಾಗಿಲ್ಲ. ಅದೇ ಮಗಳು ಪ್ರಬಂಧಕ್ಕೆ ಕೂತರೆ ಮೊದಲ ಸಾಲೇ ಶುದ್ಧವಾಗಿ ಬರಬೇಕೆಂದು ಅರ್ಧ ತಾಸು ಪೆನ್ನು ಕಚ್ಚುತ್ತಾಳೆ. ಅದಕ್ಕೇ ನಾನು ಕರಡನ್ನೂ ಕೇಳುತ್ತೇನೆ. ಹೊಡೆದುಹಾಕಿದ ಸಾಲಿಗೆ ಅಂಕ ಕಳೆಯುವುದಿಲ್ಲ. ಹೇಳಬೇಕಾದ್ದನ್ನು ಮೊದಲು ಒಂದು ಸಾಲಿನಲ್ಲಿ ಬರೆ, ಅದಕ್ಕೆ ಕಾರಣ ಕೂಡಿಸು, ಗೆಳತಿಗೆ ಗಟ್ಟಿಯಾಗಿ ಓದಿ ಹೇಳು, ಅವಳಿಗೆ ತಿಳಿಯದೆ ಹೋದಲ್ಲಿ ತಿದ್ದು. ಕ್ರಮ ಇಷ್ಟೇ.

"ಇಷ್ಟೆಲ್ಲ ಹೇಳಿಕೊಟ್ಟರ ಅವರು ಸ್ವಂತ ವಿಚಾರ ಮಾಡೂದು ಯಾವಾಗ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬಾಯಿಗೆ ತುತ್ತಿಡುವುದು ಬೇರೆ, ಒಲೆ ಹಚ್ಚಲು ಕಲಿಸುವುದು ಬೇರೆ. ಗೈಡು ಉತ್ತರ ಕೊಡುತ್ತದೆ, ಪ್ರಶ್ನೆಯನ್ನು ಬಿಡಿಸಿ ಹೇಳುವುದಿಲ್ಲ. ಕಲಿಸುವವರು ಪ್ರಶ್ನೆಯನ್ನು ಬಿಡಿಸಿ, ಉತ್ತರವನ್ನು ಅವಳಿಗೇ ಬಿಡಬೇಕು. ಈ ಗೆರೆ ಕಾಯುವುದು ಸುಲಭವಲ್ಲ. ಒಂದು ಮಾದರಿ ತೋರಿಸಿದರೆ ಮರುದಿನ ಇಡೀ ತರಗತಿ ಅದನ್ನೇ ಬರೆದು ತರುತ್ತದೆ. ಒಂದಕ್ಕೊಂದು ಒಪ್ಪದ ಎರಡು ಮಾದರಿ ತೋರಿಸಿದರೆ ಹುಡುಗಿಯರು ತಾವೇ ಯೋಚಿಸಬೇಕಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಇದರಿಂದ ಏನು ಉಪಯೋಗ? ಹಿಂದೂ ಮನೆತನಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿ ಬಂದ ಹೆಣ್ಣುಮಕ್ಕಳು ನಮ್ಮ ನಡುವೆ ಎಷ್ಟಿಲ್ಲ? ಪ್ರೀತಿಯಿಂದ, ತಿಳಿದೇ ಬಿಟ್ಟುಕೊಟ್ಟವರ ಮಾತು ಬೇರೆ. "ಇಲ್ಲೊಂದು ಸಹಿ ಹಾಕವಾ" ಎಂದು ಯಾರೋ ಬೆರಳು ತೋರಿಸಿದ್ದಕ್ಕೆ, ಒಳಗೇನಿದೆ ಎಂದು ಕೇಳಲು ಸಂಕೋಚಪಟ್ಟು ಹಾಕಿದವರೂ ಇದ್ದಾರೆ. ಕೇಳಿದರೆ ದಡ್ಡಿ ಎಂದಾರು ಎಂಬ ಅಂಜಿಕೆ ಅವರಿಗೆ ಆ ಹೊತ್ತಿಗೆ ಹುಟ್ಟಿದ್ದಲ್ಲ. ಅಡಿಗೆಮನೆಯಲ್ಲೂ ತರಗತಿಯಲ್ಲೂ ವರ್ಷಗಟ್ಟಲೆ ಕಲಿಸಿದ್ದು.

ತಿಳಿಯುವಂತೆ ಹೇಳಿಸಿಕೊಂಡು ಬೆಳೆದವಳಿಗೆ ಮಾತ್ರ, ತಿಳಿಯದ ಮಾತು ತನ್ನ ಕೊರತೆಯಲ್ಲ, ಹೇಳಿದವರದು ಎಂದು ಗೊತ್ತಾಗುತ್ತದೆ. ಹುಡುಗಿಯೊಬ್ಬಳು ಎದ್ದು ನಿಂತು "ಮೇಡಂ, ಈ ಪ್ರಶ್ನಿ ಏನು ಕೇಳಾಕತ್ತೈತಿ?" ಎಂದರೆ ಅವಳನ್ನು ಕೂರಿಸಬಾರದು. ಅಲ್ಲಿ ಬಾಯಿ ಮುಚ್ಚಿಸಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳ ಬಾಯಿ ತೆರೆಯುವುದಾದರೂ ಹೇಗೆ?