ಪೋಖರಣದ ಋಣ

ಬಹುಜನರ ಕ್ಷೇಮಕ್ಕಾಗಿ ಅಲ್ಪಜನರು ಕಷ್ಟವನ್ನು ಸಹಿಸಬೇಕಾಗಿ ಬಂದಾಗ, ಆ ಅಲ್ಪಜನರಿಗೆ ಬಹುಜನರು ಸಲ್ಲಿಸತಕ್ಕದ್ದೇನು? ಪ್ರಶ್ನೆಯು ಹಳೆಯದು. ಇದನ್ನು ಬರಿಯ ಶಾಸ್ತ್ರಚರ್ಚೆಯಾಗಿ ನಡೆಯಿಸಿದರೆ ಎರಡು ಪಕ್ಷಗಳಿಗೂ ಬೇಕಾದಷ್ಟು ಆಧಾರವಾಕ್ಯಗಳು ದೊರೆಯುವುವು. ನಿರ್ಣಯವೊಂದು ಮಾತ್ರ ದೊರೆಯದು. ಆದಕಾರಣ ಒಂದು ಊರನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರಿಸುವುದು ಲೇಸೆಂದು ತೋರುತ್ತದೆ.

ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ, ಥಾರ್ ಮರುಭೂಮಿಯ ನಡುವೆ, ಜೋಧಪುರದಿಂದ ಜೈಸಲ್ಮೇರಿಗೆ ಹೋಗುವ ದಾರಿಯಲ್ಲಿ ಪೋಖರಣವೆಂಬ ಪಟ್ಟಣವಿದೆ. ಐದು ಮರೀಚಿಕೆಗಳ ಸ್ಥಳವೆಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ಅಲ್ಲಿ ಕೆಂಪುಕಲ್ಲಿನ ಹಳೆಯ ಕೋಟೆಯುಂಟು. ತಲೆತಲಾಂತರದಿಂದ ಚಕ್ರ ತಿರುಗಿಸಿಕೊಂಡು ಬಂದಿರುವ ಕುಂಬಾರರುಂಟು. ಅವರ ಮಣ್ಣಿನ ಪಾತ್ರೆಗಳಿಗೆ 2018ರಲ್ಲಿ ಸರ್ಕಾರದ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿತು. ಸಮೀಪದ ರಾಮದೇವರಾ ಕ್ಷೇತ್ರದಲ್ಲಿ ಬಾಬಾ ರಾಮದೇವನೆಂಬ ಸತ್ಪುರುಷನ ಸಮಾಧಿಯಿದ್ದು, ಹಿಂದುಗಳು ದೇವರೆಂದೂ ಮುಸಲ್ಮಾನರು ಪೀರನೆಂದೂ ಅದಕ್ಕೆ ನಡೆದುಕೊಳ್ಳುತ್ತಾರೆ. ಸುತ್ತಲಿನ ಹಳ್ಳಿಗಳ ಜನರು ಮಳೆ ಬಿದ್ದ ವರ್ಷ ಸಜ್ಜೆ ಬೆಳೆದು, ಬೀಳದ ವರ್ಷ ದನ, ಕುರಿ, ಒಂಟೆಗಳನ್ನೇ ನಂಬಿ ಬದುಕುವವರು. ನೆರಳಿಗೂ ಮೇವಿಗೂ ಅವರಿಗಿರುವ ಆಸರೆ ಖೇಜಡಿಯ ಮರ. ಅದು ಮತ್ತಾವುದೂ ಅಲ್ಲ, ನಾವು ವಿಜಯದಶಮಿಯಂದು ಎಲೆ ಹಂಚಿಕೊಳ್ಳುವ ಬನ್ನಿಯೇ.

ಇಂತಹ ಊರಿನ ಹೆಸರು ಲೋಕವಿಖ್ಯಾತವಾದುದು ಬೇರೊಂದು ಕಾರಣದಿಂದ. ಅದರ ಬಳಿಯಲ್ಲಿ ಸೈನ್ಯದವರು ತೋಪು, ಕ್ಷಿಪಣಿಗಳನ್ನು ಪರೀಕ್ಷಿಸುವ ವಿಸ್ತಾರವಾದ ಬಯಲಿದೆ. 1974ನೆಯ ಮೇ 18ರ ಬೆಳಗ್ಗೆ, ಆ ನೆಲದಡಿ ಸುಮಾರು 107 ಮೀಟರು ಆಳದಲ್ಲಿ ನಮ್ಮ ದೇಶದ ಮೊದಲನೆಯ ಪರಮಾಣು ಸ್ಫೋಟವು ನಡೆಯಿತು. ಅದಕ್ಕೆ ನಗುವ ಬುದ್ಧನೆಂಬ ಹೆಸರು ರೂಢಿಗೆ ಬಂದಿದೆ. ಆ ಕಾರ್ಯದ ಮುಂದಾಳುಗಳಲ್ಲಿ ಪ್ರಮುಖರಾದ ಡಾಕ್ಟರ್ ರಾಜಾ ರಾಮಣ್ಣನವರು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು. ಕನ್ನಡಿಗರಾದ ನಾವು ಅವರ ವಿಷಯದಲ್ಲಿ ಹೆಮ್ಮೆಪಡುತ್ತ ಬಂದಿದ್ದೇವೆ. 24 ವರ್ಷಗಳ ತರುವಾಯ, 1998ನೆಯ ಮೇ 11ರಂದು ಮೂರು, 13ರಂದು ಎರಡು, ಹೀಗೆ ಇನ್ನೂ ಐದು ಸ್ಫೋಟಗಳಾದುವು. ಮೇ 11 ಅಂದಿನ ನೆನಪಿಗಾಗಿ ರಾಷ್ಟ್ರೀಯ ತಂತ್ರಜ್ಞಾನ ದಿನವೆಂದು ಆಚರಿಸಲ್ಪಡುತ್ತದೆ. ಹೆಮ್ಮೆಯು ಸಹಜವಾದುದು. ಆದರೆ ಹೆಮ್ಮೆಯಲ್ಲಿ ಪಾಲು ಬೇಡುವವನಿಗೆ ಋಣದಲ್ಲಿಯೂ ಪಾಲುಂಟಷ್ಟೆ.

ಋಣವಾದರೂ ಯಾರದು? 1998ರ ಸ್ಫೋಟಸ್ಥಳಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಖೇತೋಲಾಯಿ ಎಂಬ ಹಳ್ಳಿಯಿದೆ. ಆ ದಿನ ಸೈನಿಕರು ಬಂದು ಜನರನ್ನು ಮನೆಗಳಿಂದ ಹೊರಗೆ ಬರಹೇಳಿದರು. ನೆಲ ನಡುಗಿತು, ಮನೆಗಳ ಗೋಡೆಗಳೂ ನೀರಿನ ತೊಟ್ಟಿಗಳೂ ಬಿರುಕುಬಿಟ್ಟುವು. ಹಳ್ಳಿಯವರು ಹೆಚ್ಚಾಗಿ ಬಿಷ್ಣೋಯಿ ಪಂಥದವರು. ಇದೇ ಪಂಥದವರು 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಅರಸನ ಆಳುಗಳು ಮರ ಕಡಿಯಲು ಬಂದಾಗ ಖೇಜಡಿಗಳನ್ನು ಅಪ್ಪಿಕೊಂಡು 363 ಮಂದಿ ಪ್ರಾಣ ಬಿಟ್ಟರೆಂಬುದು ಪ್ರಸಿದ್ಧವಾಗಿದೆ. ಮರಕ್ಕಾಗಿ ಜೀವ ಕೊಡಬಲ್ಲವರು ದೇಶಕ್ಕಾಗಿ ಗೋಡೆಯ ಬಿರುಕನ್ನು ಸಹಿಸಲಾರರೆಂದು ಯಾರೂ ಹೇಳುವಂತಿಲ್ಲ. ಅವರ ಕೊರಗು ಬೇರೆ. ಊರಿನಲ್ಲಿ ಕ್ಯಾನ್ಸರು ಹೆಚ್ಚಿತೆಂದೂ, ದನಕರುಗಳಲ್ಲಿ ವಿಕಾರಗಳು ಕಂಡುಬಂದುವೆಂದೂ ಅವರು ಹೇಳುತ್ತ ಬಂದಿದ್ದಾರೆ. ವಿಕಿರಣವು ನೆಲದಿಂದ ಹೊರಬೀಳಲಿಲ್ಲವೆಂಬುದು ಸರ್ಕಾರದ ಮತ್ತು ವಿಜ್ಞಾನಿಗಳ ಮಾತು.

ಇಲ್ಲಿ ಪೂರ್ವಪಕ್ಷವು ಹೀಗೆ ಹೊರಡುತ್ತದೆ: ಕುಲವನ್ನುಳಿಸಲು ಒಬ್ಬನನ್ನು ಬಿಡಬಹುದು, ಗ್ರಾಮವನ್ನುಳಿಸಲು ಕುಲವನ್ನು, ನಾಡನ್ನುಳಿಸಲು ಗ್ರಾಮವನ್ನು ಬಿಡಬಹುದೆಂದು ನಮ್ಮ ಹಿರಿಯರೇ ನೀತಿ ಹೇಳಿಲ್ಲವೆ? ಹೇಳಿರುವುದು ನಿಜ. ಪಾಠಶಾಲೆಗಳಲ್ಲಿ ಅದನ್ನು ಸುಭಾಷಿತವೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವರು. ಅದರ ಸಂದರ್ಭವನ್ನು ಬಿಡಿಸಿ ಹೇಳುವವರು ವಿರಳ. ಮಹಾಭಾರತದ ಆದಿಪರ್ವದಲ್ಲಿ ದುರ್ಯೋಧನನು ಹುಟ್ಟಿದಾಗ, ಅಪಶಕುನಗಳನ್ನು ಕಂಡು, ವಿದುರನು ಧೃತರಾಷ್ಟ್ರನಿಗೆ ಈ ನೀತಿಯನ್ನು ಹೇಳುತ್ತಾನೆ. ಅರಸನೊಬ್ಬನು ನಾಡಿನ ಕ್ಷೇಮಕ್ಕಾಗಿ ತನ್ನ ಹೆತ್ತ ಮಗನನ್ನು ಬಿಡಬೇಕೆಂಬುದೇ ಅಲ್ಲಿನ ಉಪದೇಶ. ಬಿಡತಕ್ಕವನು ಬಲಿಷ್ಠನು, ಬಿಡತಕ್ಕ ವಸ್ತು ಅವನ ಸ್ವಂತದ್ದು. ಧೃತರಾಷ್ಟ್ರನು ಅದನ್ನು ಕೇಳಲಿಲ್ಲವೆಂಬುದು ಎಲ್ಲರೂ ಬಲ್ಲ ಕಥೆ. ದೂರದ ಊರಿನ ಬಡವನ ಮಗನನ್ನು ಬಿಡೆಂದು ಹೇಳಿದ್ದರೆ ಅವನು ಕೂಡಲೆ ಒಪ್ಪುತ್ತಿದ್ದನೇನೋ! ತನ್ನದನ್ನು ಬಿಡುವುದಕ್ಕೆ ತ್ಯಾಗವೆಂದು ಹೆಸರು. ಮತ್ತೊಬ್ಬನದನ್ನು ಬಿಟ್ಟುಕೊಟ್ಟು ತಾನು ತ್ಯಾಗಿಯೆನ್ನಿಸಿಕೊಳ್ಳುವುದಕ್ಕೆ ಯಾವ ಶಾಸ್ತ್ರದಲ್ಲಿಯೂ ಆ ಹೆಸರಿಲ್ಲ.

ಆಯುಧದ ವಿಚಾರವಾಗಿಯೇ ಪುರಾಣದಲ್ಲಿ ಮತ್ತೊಂದು ಕಥೆಯುಂಟು. ವೃತ್ರನನ್ನು ಕೊಲ್ಲಲು ವಜ್ರಾಯುಧವು ಬೇಕಾಯಿತು. ಅದಕ್ಕೆ ದಧೀಚಿಯ ಎಲುಬುಗಳು ಬೇಕಾದುವು. ದೇವತೆಗಳು ಮೂರು ಲೋಕಗಳ ರಕ್ಷಣೆಯ ನೆವವನ್ನು ಹೇಳಿ ಋಷಿಯನ್ನು ಬಲಾತ್ಕರಿಸಲಿಲ್ಲ. ಅವನ ಆಶ್ರಮಕ್ಕೆ ಹೋಗಿ ಕೈಮುಗಿದು ಯಾಚಿಸಿದರು. ಅವನು ಒಪ್ಪಿ ದೇಹವನ್ನು ಬಿಟ್ಟನು. ಕೇಳಿದುದರಿಂದಲೇ ಅದು ದಾನವಾಯಿತು. ಕೇಳದೆ ತೆಗೆದುಕೊಂಡಿದ್ದರೆ ಅದೇ ವಜ್ರವು ಕೊಲೆಯ ಸಾಧನವಾಗುವುದಕ್ಕೆ ಮೊದಲೇ ಕೊಲೆಯ ಫಲವಾಗುತ್ತಿತ್ತು.

ಆದರೆ ಖೇತೋಲಾಯಿಯವರನ್ನು ಕೇಳುವುದಾದರೂ ಹೇಗೆ ಸಾಧ್ಯವಿತ್ತು? ಎಂದು ಆಕ್ಷೇಪವು ಬರುತ್ತದೆ. ಆಕ್ಷೇಪವು ಬಲವಾದುದೇ. 1995ರ ಕೊನೆಯಲ್ಲಿ ಪರೀಕ್ಷೆಯ ಸಿದ್ಧತೆಗಳನ್ನು ಅಮೆರಿಕದ ಉಪಗ್ರಹಗಳು ಕಂಡುಹಿಡಿದುದರಿಂದ ಆಗ ಕೆಲಸವನ್ನು ಕೈಬಿಡಬೇಕಾಯಿತು. ಆದಕಾರಣ 1998ರಲ್ಲಿ ಅತಿಯಾದ ಗೋಪ್ಯವನ್ನು ಪಾಲಿಸಿದರು. ಹಳ್ಳಿಯ ಕಟ್ಟೆಯ ಮೇಲೆ ಸಭೆ ಸೇರಿಸಿ ಅನುಮತಿ ಪಡೆಯುವ ಸಂಗತಿ ಅದಾಗಿರಲಿಲ್ಲ. ಇದನ್ನು ಒಪ್ಪೋಣ. ಆದರೆ ಈ ವಾದವು ಸ್ಫೋಟದ ಗಳಿಗೆಯವರೆಗೆ ಮಾತ್ರ ನಿಲ್ಲುತ್ತದೆ. ಅನಂತರ ಪ್ರಪಂಚವೆಲ್ಲ ತಿಳಿದ ಮೇಲೆ, ಪ್ರಧಾನಿಗಳು ಆ ಸ್ಥಳವನ್ನು ಸಂದರ್ಶಿಸಿದ ಮೇಲೆ, ಪ್ರತಿವರ್ಷವೂ ಉತ್ಸವ ನಡೆಯುತ್ತಿರುವಾಗ, ಹಳ್ಳಿಯವರ ಬಾಗಿಲಿಗೆ ಹೋಗಿ ಕ್ಷೇಮವನ್ನು ವಿಚಾರಿಸಲು ಗೋಪ್ಯವು ಅಡ್ಡಬರುವುದಿಲ್ಲ. ಮೊದಲು ಕೇಳಲಾರದವನು ಅನಂತರ ಕೇಳಲು ಇಮ್ಮಡಿಯಾಗಿ ಬದ್ಧನು. ಮನೆಗೆ ಬೆಂಕಿ ಬಿದ್ದಾಗ ನೆರೆಯವನ ಬಾವಿಗೆ ಕೇಳದೆ ಕೊಡವಿಳಿಸಬಹುದು. ಬೆಂಕಿ ಆರಿದ ಮರುದಿನವೂ ಅವನ ಮುಖವನ್ನು ನೋಡದಿದ್ದರೆ ಅದನ್ನು ಏನೆನ್ನೋಣ?

ದೇಶಕ್ಕಾಗಿ ಸೈನಿಕನೂ ಪ್ರಾಣ ಕೊಡುತ್ತಾನಲ್ಲ, ಎಂದು ಕೆಲವರು ಹೇಳಬಹುದು. ಸೈನಿಕನು ತಿಳಿದು ಪ್ರತಿಜ್ಞೆ ಮಾಡಿದವನು. ಅವನಿಗೆ ವೇತನವುಂಟು, ಅವನ ಮಡದಿಮಕ್ಕಳಿಗೆ ಪಿಂಚಣಿಯುಂಟು, ಅವನ ಹೆಸರಿಗೆ ಕಲ್ಲುಂಟು. ಹುಟ್ಟಿದ ಊರು ಪರೀಕ್ಷಾಭೂಮಿಯ ಪಕ್ಕದಲ್ಲಿತ್ತೆಂಬ ಒಂದೇ ಕಾರಣದಿಂದ ಭಾರ ಹೊತ್ತವನನ್ನು ಅವನೊಡನೆ ಹೋಲಿಸಿದರೆ, ಎರಡನೆಯವನಿಗೆ ಸಲ್ಲಬೇಕಾದುದು ಇನ್ನೂ ಹೆಚ್ಚೆಂದೇ ಸಿದ್ಧವಾಗುತ್ತದೆ.

ಇನ್ನು ಸಂದೇಹದ ವಿಷಯ. ರೋಗಕ್ಕೆ ಸ್ಫೋಟವೇ ಕಾರಣವೆಂದು ಹಳ್ಳಿಯವರು ಸಿದ್ಧಪಡಿಸಿಲ್ಲವಲ್ಲ, ಎನ್ನುವರು. ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು, ನಿರ್ಣಯವೂ ಒಂದು. ಸಂಶಯವನ್ನು ಹೀಗಳೆಯುವುದಕ್ಕಾಗಿ ಋಷಿಯು ಅದಕ್ಕೆ ಸ್ಥಾನ ಕೊಡಲಿಲ್ಲ. ಪರೀಕ್ಷೆಯು ಅಲ್ಲಿಂದಲೇ ಹೊರಡಬೇಕೆಂದು ಕೊಟ್ಟನು. ಹಾಗಾದರೆ ಪರೀಕ್ಷಿಸುವ ಹೊರೆ ಯಾರದು? ಉಪಕರಣ, ವೈದ್ಯರು, ದಾಖಲೆಗಳು ಯಾರ ಕೈಯಲ್ಲಿವೆಯೋ ಅವರದು. ಕುರಿ ಕಾಯುವವನಿಂದ ವಿಕಿರಣದ ಪ್ರಮಾಣವನ್ನು ಕೇಳುವುದು ಪ್ರಮಾಣಶಾಸ್ತ್ರದ ಅಣಕವಾದೀತು. ಅಮೆರಿಕ ದೇಶವು ನೆವಾಡದ ಮರುಭೂಮಿಯಲ್ಲಿ ಅನೇಕ ಸ್ಫೋಟಗಳನ್ನು ಬಯಲಿನಲ್ಲಿಯೇ ನಡೆಯಿಸಿತ್ತು. ನಮ್ಮವು ನೆಲದಡಿಯವು, ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಆ ದೇಶವು 1990ರಲ್ಲಿ ಒಂದು ಶಾಸನವನ್ನು ಮಾಡಿ, ಗಾಳಿಯ ದಿಕ್ಕಿನಲ್ಲಿದ್ದ ಊರುಗಳ ಜನರ ಕ್ಷಮೆಯನ್ನು ರಾಷ್ಟ್ರದ ಪರವಾಗಿ ಕೇಳಿತು. ಇಂತಹ ಪ್ರದೇಶದಲ್ಲಿ ಇಂತಹ ಕಾಲದಲ್ಲಿದ್ದು ಇಂತಹ ರೋಗ ಬಂದವನಿಗೆ ಪರಿಹಾರವೆಂದು ಅದು ವಿಧಿಸಿತು. ನಿನ್ನ ರೋಗಕ್ಕೆ ಇದೇ ಕಾರಣವೆಂದು ತೋರಿಸೆಂದು ರೋಗಿಯನ್ನು ಪೀಡಿಸಲಿಲ್ಲ. ಸಂಶಯದ ಲಾಭವನ್ನು ದುರ್ಬಲನಿಗೆ ಕೊಡುವ ಈ ಕ್ರಮವು ನಮ್ಮ ಶಾಸ್ತ್ರಕ್ಕೂ ಸಮ್ಮತವೇ.

ಇಷ್ಟನ್ನು ಹೇಳಿದುದರಿಂದ ಆಯುಧವೇ ಬೇಡವೆಂದು ವಾದಿಸಿದಂತಾಗಲಿಲ್ಲ. ಆ ಪ್ರಶ್ನೆಯು ಬೇರೆ, ಅದರಲ್ಲಿ ಬಲ್ಲವರಿಗೂ ಭಿನ್ನಾಭಿಪ್ರಾಯವುಂಟು. ಬೇಕೆಂದವರಿಗೂ ಬೇಡವೆಂದವರಿಗೂ ಈ ಋಣವು ಸಮಾನ. ಆ ಆಯುಧದ ನೆರಳಿನಲ್ಲಿ ಇಬ್ಬರೂ ನಿದ್ರಿಸುತ್ತಿದ್ದಾರೆ. ವೃತ್ರನನ್ನು ಕೊಂದುದು ಲೋಕಹಿತವೇ ಆದರೂ ಇಂದ್ರನಿಗೆ ಬ್ರಹ್ಮಹತ್ಯೆಯು ತಟ್ಟಿತು. ಅವನು ನೀರಿನಲ್ಲಿ ತಾವರೆಯ ದಂಟಿನೊಳಗೆ ಅಡಗಿ ಕುಳಿತನು, ಪ್ರಾಯಶ್ಚಿತ್ತವಾಗದೆ ಪದವಿಗೆ ಮರಳಲಿಲ್ಲ. ಪ್ರಜೆಗಳನ್ನು ರಕ್ಷಿಸದ ಅರಸನಿಗೆ ಅವರ ಅಧರ್ಮದ ಆರನೆಯ ಒಂದು ಪಾಲು ಬರುವುದೆಂದು ಸ್ಮೃತಿಯು ಹೇಳುತ್ತದೆ. ಅರಸರು ಹೋದರು, ಪ್ರಜೆಗಳೇ ಅರಸರಾದರು. ಆ ಪಾಲು ಈಗ ಯಾರ ಮನೆಗೆ ಬರುವುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಪಾಂಡವರು ವಿರಾಟನಗರವನ್ನು ಹೊಗುವ ಮುನ್ನ ಆಯುಧಗಳನ್ನು ಬನ್ನಿಯ ಮರದ ಮೇಲೆ ಅಡಗಿಸಿಟ್ಟರು. ವರ್ಷ ಕಳೆದು ಅವನ್ನು ಇಳಿಸಿದ ಮೇಲೂ ಬನ್ನಿಯನ್ನು ಜನರು ಮರೆಯಲಿಲ್ಲ, ಇಂದಿಗೂ ಪೂಜಿಸುತ್ತಾರೆ. ನಮ್ಮ ಕಾಲದ ಮಹಾಯುಧವನ್ನು ಬನ್ನಿ ಬೆಳೆಯುವ ನಾಡು, ಬನ್ನಿಗಾಗಿ ಜೀವ ಕೊಟ್ಟ ಪಂಥ ಹೊತ್ತುಕೊಂಡಿತು. ಅವರಿಗೆ ಪೂಜೆ ಬೇಕಿಲ್ಲ. ಒಳ್ಳೆಯ ಆಸ್ಪತ್ರೆ, ಕಾಲಕಾಲಕ್ಕೆ ಬಂದು ನೀರನ್ನೂ ನೆಲವನ್ನೂ ದೇಹವನ್ನೂ ಪರೀಕ್ಷಿಸಿ ಕಂಡುದನ್ನು ಮರೆಮಾಚದೆ ಅವರ ಭಾಷೆಯಲ್ಲಿ ಹೇಳುವ ವೈದ್ಯರು, ಮತ್ತು ನಿಮ್ಮಿಂದ ನಾವು ಇಷ್ಟನ್ನು ಪಡೆದೆವೆಂಬ ಒಂದು ಮಾತು ಇಷ್ಟು ಸಂದರೆ ಸಾಕು. ಇದು ದಯೆಯಲ್ಲ, ಬಾಕಿ. ದಯೆಯನ್ನು ತಡಮಾಡಿ ತೋರಿದರೂ ಜನರು ಹೊಗಳುವರು. ಬಾಕಿಯನ್ನು ತಡಮಾಡಿದಷ್ಟೂ ಬಡ್ಡಿ ಬೆಳೆಯುತ್ತದೆ.