ದೂರದ ಬಾಯಾರಿಕೆ

ಕೊಡುವದು ದೊಡ್ಡ ಗುಣವೆಂದು ನಾವು ಮಕ್ಕಳಿಗೆ ಒಂದನೆಯ ಇಯತ್ತೆಯಿಂದಲೇ ಕಲಿಸುತ್ತೇವೆ. ಆದರೆ ಮೊದಲು ಯಾರಿಗೆ ಕೊಡಬೇಕು, ಹತ್ತಿರದವನಿಗೋ ದೂರದವನಿಗೋ, ಕೊಟ್ಟ ಮೇಲೆ ಕೊಟ್ಟವನ ಹೊಣೆ ಮುಗಿಯಿತೋ ಇಲ್ಲವೋ ಎಂಬುದನ್ನು ಯಾವ ಪಾಠದಲ್ಲಿಯೂ ಕಲಿಸುವದಿಲ್ಲ. ಪಾಲಕರ ಒಂದು ಸಭೆಯಲ್ಲಿ ಈ ಪ್ರಶ್ನೆ ನಮ್ಮೆದುರು ಎದ್ದು ನಿಂತಿತು. ಪೇಟೆಯ ಸೇವಾ ಸಂಘವೊಂದು ಪರದೇಶದ ಹಳ್ಳಿಗಳಿಗೆ ಶುದ್ಧ ನೀರನ್ನೂ ಅಕ್ಷರವನ್ನೂ ಒದಗಿಸಲು ಹಣ ಕೂಡಿಸುತ್ತಿರುವ ಸಂಗತಿಯನ್ನು ನಾವು ಅಲ್ಲಿ ತಿಳಿಸಿ, ಮಕ್ಕಳೂ ಒಂದೊಂದು ರೂಪಾಯಿ ಕೊಟ್ಟರೆ ಚೆನ್ನಾಗಿರುತ್ತದೆ ಎಂದೆವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು, "ಗುರುಗಳ, ಬ್ಯಾಸಗ್ಯಾಗ ನಾವು ಟ್ಯಾಂಕರ ದಾರಿ ಕಾಯ್ಕೋತ ಕೂಡತೀವಿ. ನಮ್ಮ ಕೊಡಾನ ತುಂಬಿಲ್ಲ. ಯಾವ ದೇಶದವರ ಕೊಡಾ ತುಂಬಸೂಣ್ರಿ?" ಎಂದು ಕೇಳಿದಳು. ಸಭೆ ನಕ್ಕಿತು. ನಮಗೆ ನಗೆ ಬರಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಆ ತಾಯಿಗೆ ಅಂದು ಕೊಡಲಾರದ ಉತ್ತರವನ್ನು ಇಂದು ಇಲ್ಲಿ ಹುಡುಕಲು ಯತ್ನಿಸುತ್ತೇವೆ.

ಇಂಥ ಸಂಘಗಳಲ್ಲಿ ರೋಟರಿಯ ಹೆಸರನ್ನು ವಾಚಕರೆಲ್ಲರೂ ಬಲ್ಲರು. ಸಾಂಗಲಿ, ಮಿರಜಗಳಲ್ಲಿಯೂ ಅದರ ಕ್ಲಬ್ಬುಗಳುಂಟು. ೧೯೦೫ನೆಯ ಇಸವಿಯ ಫೆಬ್ರುವರಿ ೨೩ರಂದು ಅಮೇರಿಕೆಯ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸನೆಂಬ ವಕೀಲನು ಮೂವರು ಮಿತ್ರರೊಡನೆ ಕುಳಿತು ಅದನ್ನು ಆರಂಭಿಸಿದನು. ಮೊದಲು ಸ್ನೇಹ ಮತ್ತು ವ್ಯಾಪಾರದ ಅನುಕೂಲ, ಇಷ್ಟೇ ಅದರ ಉದ್ದೇಶ. ಸ್ವಲ್ಪ ಕಾಲದಲ್ಲಿಯೇ ಅದರ ದೃಷ್ಟಿ ಊರ ಕೆಲಸದತ್ತ ಹೊರಳಿತು. ತಮ್ಮ ನಗರದಲ್ಲಿ ಸಾರ್ವಜನಿಕ ಶೌಚಾಲಯಗಳು ಆಗಬೇಕೆಂದು ಅವರು ದುಡಿದದ್ದು ಅವರ ಮೊದಲ ಸೇವೆಗಳಲ್ಲಿ ಒಂದು. ೧೯೧೭ರಲ್ಲಿ ಆರ್ಚ್ ಕ್ಲಂಫ್ ಎಂಬವರು ಲೋಕಹಿತಕ್ಕಾಗಿ ಒಂದು ನಿಧಿ ಇರಬೇಕೆಂದು ಸೂಚಿಸಿದರು. ಅದಕ್ಕೆ ಬಂದ ಮೊದಲ ಕಾಣಿಕೆ ೨೬ ಡಾಲರು ೫೦ ಸೆಂಟು ಮಾತ್ರ. ಇಂದು ಶುದ್ಧ ನೀರು ಮತ್ತು ಸಾಕ್ಷರತೆಗಳೆರಡೂ ಆ ನಿಧಿಯ ಮುಖ್ಯ ಕಾರ್ಯಗಳಲ್ಲಿ ಸೇರಿವೆ. ಮನೆಯಂಗಳದಿಂದ ಹೊರಟ ಸೇವೆ ಸಮುದ್ರಗಳನ್ನು ದಾಟಿದ ಬಗೆ ಇದು. ಹೀಗೆ ದಾಟಬಹುದೇ, ಎಂದರೆ ಮನೆಯಂಗಳ ಇನ್ನೂ ಒಣಗಿರುವಾಗ ದಾಟಬಹುದೇ ಎಂಬುದು ಆ ತಾಯಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಸಣ್ಣ ಮನಸ್ಸಿನ ಮಾತೆಂದು ತಳ್ಳಿಹಾಕುವದು ಸುಲಭ. ಆದರೆ ಅದು ನ್ಯಾಯವಲ್ಲ. ದೂರದವರಿಗೆ ಕೊಡುವದರಲ್ಲಿ ಒಂದು ಗುಪ್ತವಾದ ಸುಖವುಂಟು. ಹತ್ತಿರದ ಬಾಯಾರಿದವನು ನಾಳೆ ಬೆಳಗಿಗೆ ಮತ್ತೆ ಎದುರಾಗುತ್ತಾನೆ. ನೀನು ಹಾಕಿಸಿದ ನಳದಲ್ಲಿ ನೀರು ಬರಲಿಲ್ಲವೆಂದು ಜಗಳವಾಡುತ್ತಾನೆ. ದೂರದವನು ಚಿತ್ರದಲ್ಲಿ ನಗುತ್ತಾನೆ, ಅಷ್ಟೆ. ಹತ್ತಿರದ ಬಾಯಾರಿಕೆಯಲ್ಲಿ ನಮ್ಮ ಪಾಲಿನ ತಪ್ಪೂ ಇರಬಹುದು. ಒಂದೇ ಬಾವಿಯಲ್ಲಿ ನೀರಿದ್ದೂ ಕೆಲವರಿಗೆ ಕೊಡ ಮುಟ್ಟಿಸಗೊಡದ ಕಾಲವನ್ನು ನಮ್ಮ ನಾಡು ಕಂಡಿದೆ. ಆ ನೀರಿನ ಹಕ್ಕಿಗಾಗಿಯೇ ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಅಂಥ ಬಾಯಾರಿಕೆ ಹಣದಿಂದ ತೀರುವದಿಲ್ಲ, ಮನಸ್ಸನ್ನು ತೊಳೆದುಕೊಳ್ಳಬೇಕಾಗುತ್ತದೆ. ಅದಕ್ಕಿಂತ ದೂರದ ದೇಶಕ್ಕೆ ಹಣ ಕಳಿಸುವದು ಹಗುರವಾದ ಕೆಲಸ. ಆದುದರಿಂದ ನೆರೆಮನೆಯನ್ನು ಮರೆಯುವ ಸಲುವಾಗಿ ಪರದೇಶವನ್ನು ನೆನೆಯುವವನ ದಾನ ದಾನವಲ್ಲ, ತಪ್ಪಿಸಿಕೊಳ್ಳುವ ಉಪಾಯ. ಇಷ್ಟರ ಮಟ್ಟಿಗೆ ಆ ತಾಯಿಯ ಮಾತು ಸತ್ಯ.

ಆದರೆ ಸತ್ಯದ ಇನ್ನೊಂದು ಮಗ್ಗುಲನ್ನು ಈ ಸೀಮೆಯ ಹಳಿಗಳೇ ನಮಗೆ ತೋರಿಸಿವೆ. ೨೦೧೬ರ ಬರಗಾಲವನ್ನು ಯಾರೂ ಮರೆತಿರಲಾರರು. ಲಾತೂರು ನಗರ ನೀರಿಲ್ಲದೆ ಕಂಗೆಟ್ಟಾಗ, ರಾಜಸ್ಥಾನದ ಕೋಟಾ ಕಾರ್ಖಾನೆಯಲ್ಲಿ ತೊಳೆದು ಶುದ್ಧಗೊಳಿಸಿದ ಡಬ್ಬಿಗಳಲ್ಲಿ ಕೃಷ್ಣೆಯ ನೀರನ್ನು ಮಿರಜದಲ್ಲಿ ತುಂಬಿ ರೈಲಿನಿಂದ ಕಳಿಸಿದರು. ಏಪ್ರಿಲ್ ೧೨ರ ನಸುಕಿನಲ್ಲಿ ಲಾತೂರನ್ನು ಮುಟ್ಟಿದ ಮೊದಲ ಗಾಡಿಯಲ್ಲಿ ಹತ್ತು ಡಬ್ಬಿಗಳು, ಸುಮಾರು ಐದು ಲಕ್ಷ ಲೀಟರು ನೀರು. ಮುಂದೆ ಐವತ್ತು ಡಬ್ಬಿಗಳ ಗಾಡಿಗಳು ಸುಮಾರು ೨೫ ಲಕ್ಷ ಲೀಟರು ಹೊತ್ತು ೩೪೦ ಕಿಲೋಮೀಟರು ದೂರ ಹೋದವು. ಪಂಢರಪುರದ ಮಾರ್ಗವಾಗಿ ಸಾಗಿದ ಆ ಗಾಡಿಗಳು ಮಿರಜದ ಪೂರ್ವಭಾಗದ ನಮ್ಮ ಒಣ ಹೊಲಗಳನ್ನೇ ದಾಟಿದವು. ನಮ್ಮ ನೀರು ನಮ್ಮ ಕಣ್ಣೆದುರಿನಲ್ಲಿಯೇ ಹೊರಟಿತಲ್ಲ ಎಂದು ಗೊಣಗಿದವರಿರಬಹುದು. ಆದರೆ ಅದು ನಮ್ಮ ನೀರೆಂದು ಯಾರು ಹೇಳಬೇಕು? ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ನಮ್ಮಲ್ಲಿ ಹಾಯ್ದು ಕರ್ನಾಟಕಕ್ಕೆ, ಅಲ್ಲಿಂದ ತೆಲಂಗಾಣ ಆಂಧ್ರಗಳಿಗೆ ಹೋಗುತ್ತಾಳೆ. ನಮಗಿಂತ ಮೇಲಿನವರು ಇದೇ ಮಾತನ್ನಾಡಿದ್ದರೆ ಮಿರಜಕ್ಕೆ ನೀರೆಲ್ಲಿಯದು?

ದೂರದವರ ದಾನವನ್ನು ನಾವು ಉಂಡವರೂ ಅಹುದು. ಕೆನಡಾ ದೇಶದಲ್ಲಿ ಹುಟ್ಟಿದ ಡಾ. ವಾನ್ಲೆಸರು ೧೮೯೪ರಲ್ಲಿ ಮಿರಜದಲ್ಲಿ ತೆರೆದ ಆಸ್ಪತ್ರೆಗೆ ಸಾಗರದಾಚೆಯ ಜನರ ಹಣ ಸೇರಿತ್ತು. ಈ ಸೀಮೆಯ ಬಡವರು ಅಲ್ಲಿ ಗುಣ ಹೊಂದಿದರು. ನಮ್ಮ ಮಕ್ಕಳ ನಾಲಗೆಯ ಮೇಲೆ ಬಿದ್ದ ಪೋಲಿಯೋ ಹನಿಗಳ ಹಿಂದೆಯೂ ಇದೇ ಕಥೆಯಿದೆ. ೧೯೮೫ರಿಂದ ರೋಟರಿ ಆ ರೋಗದ ನಿರ್ಮೂಲನಕ್ಕೆ ಜಗತ್ತಿನ ತುಂಬ ಹಣ ಕೂಡಿಸಿತು. ನಮ್ಮ ಸರಕಾರ, ಲಕ್ಷಾಂತರ ಕಾರ್ಯಕರ್ತರು, ಅನೇಕ ಸಂಸ್ಥೆಗಳು ಸೇರಿ ದುಡಿದ ಫಲವಾಗಿ ೨೦೧೧ರ ಜನವರಿಯ ನಂತರ ಭಾರತದಲ್ಲಿ ಆ ಕಾಡು ವಿಷಾಣುವಿನಿಂದ ಒಂದು ಮಗುವೂ ಕುಂಟಾಗಲಿಲ್ಲ. ೨೦೧೪ರ ಮಾರ್ಚಿನಲ್ಲಿ ದೇಶ ಪೋಲಿಯೋಮುಕ್ತವೆಂದು ಸಾರಲ್ಪಟ್ಟಿತು. ನಮ್ಮೂರನ್ನು ನಕಾಶೆಯಲ್ಲಿಯೂ ಕಾಣದವರು ಹಾಕಿದ ನಾಣ್ಯಗಳು ಅದರಲ್ಲಿದ್ದವು. "ಮೊದಲು ನಮ್ಮವರು" ಎಂದು ಅವರೆಲ್ಲರೂ ಕೈಕಟ್ಟಿ ಕುಳಿತಿದ್ದರೆ?

ಹಾಗಾದರೆ ಬಾಯಾರಿಕೆಗೆ ದೂರ ಹತ್ತಿರವೆಂಬುದಿಲ್ಲ. ದೂರವಾದಂತೆ ಕಡಿಮೆಯಾಗುವದು ಕರ್ತವ್ಯವಲ್ಲ, ನಮ್ಮ ತಿಳಿವಳಿಕೆ. ಏನು ಬೇಕು, ಯಾರು ನೋಡಿಕೊಳ್ಳುತ್ತಾರೆ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂಬುದು ದೂರದಿಂದ ಕಾಣಿಸುವದಿಲ್ಲ. ಕಾಣದೆ ಕೊಟ್ಟದ್ದು ಏನಾಗುತ್ತದೆಂಬುದಕ್ಕೆ ನಮ್ಮ ಅನುಭವದ ಎರಡು ಮಾತು ಹೇಳುತ್ತೇವೆ.

ಒಮ್ಮೆ ಒಬ್ಬ ದಾನಿಗಳು ನಾವು ಕಲಿಸುತ್ತಿದ್ದ ಶಾಲೆಗೆ ನೀರು ಶುದ್ಧಗೊಳಿಸುವ ಯಂತ್ರವನ್ನು ಕೊಟ್ಟರು. ಹಾರ, ಭಾಷಣ, ಫಲಕ ಎಲ್ಲ ಆದವು. ಒಂದು ವರ್ಷದೊಳಗೆ ಒಳಗಿನ ಸೋಸುವ ಭಾಗ ಸವೆಯಿತು. ಅದನ್ನು ಬದಲಿಸುವದು ಯಾರ ಖರ್ಚೆಂದು ಕೊಡುವಾಗ ಅವರು ಹೇಳಿರಲಿಲ್ಲ, ತೆಗೆದುಕೊಳ್ಳುವಾಗ ನಾವು ಕೇಳಿರಲಿಲ್ಲ. ಯಂತ್ರ ನಿಂತಿತು, ಫಲಕ ಉಳಿಯಿತು. ಇನ್ನೊಮ್ಮೆ ಎರಡು ಪೆಟ್ಟಿಗೆ ತುಂಬ ಪುಸ್ತಕಗಳು ಬಂದವು. ಬಣ್ಣಬಣ್ಣದ ಚಿತ್ರಗಳು, ನುಣುಪಾದ ಹಾಳೆಗಳು. ಆದರೆ ಒಂದಾದರೂ ಕನ್ನಡದ್ದಿರಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮ್ಮ ಎರಡನೆಯ ಇಯತ್ತೆಯ ಮಕ್ಕಳು ಇಂಗ್ಲಿಷ್ ಪುಸ್ತಕಗಳ ಚಿತ್ರ ನೋಡಿ ಹಿಂದಿರುಗಿಸಿದರು. ಹರಿದಾವೆಂಬ ಭಯದಿಂದ ನಾವು ಅವುಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ದಾನಿಗಳನ್ನು ದೂರುವದು ನಮ್ಮ ಉದ್ದೇಶವಲ್ಲ. ಮಕ್ಕಳಿಗೆ ಕನ್ನಡ ಪುಸ್ತಕ ಬೇಕೆಂಬ ಒಂದು ಸಾಲಿನ ಪತ್ರವನ್ನು ಬರೆಯದ ತಪ್ಪು ನಮ್ಮದೇ. ಕೊಟ್ಟವರು ಕೇಳಲಿಲ್ಲ, ಪಡೆದವರು ಹೇಳಲಿಲ್ಲ, ನಷ್ಟವಾದದ್ದು ಮಕ್ಕಳಿಗೆ.

'ಕೆರೆಗೆ ಹಾರ' ಎಂಬ ಜಾನಪದ ಕಥನಗೀತೆಯನ್ನು ಕನ್ನಡ ಶಾಲೆಯಲ್ಲಿ ಓದದವರಾರು? ಊರ ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಕಿರಿಯ ಸೊಸೆ ಭಾಗೀರಥಿ ಬಲಿಯಾದಳು. ಪಾಠ ಹೇಳುವಾಗ ನಾವು ತ್ಯಾಗದ ಹಿರಿಮೆಯನ್ನಷ್ಟೇ ಕೊಂಡಾಡುತ್ತೇವೆ. ಕೀರ್ತಿ ಯಾರಿಗೆ, ಬೆಲೆ ತೆತ್ತವರಾರು, ಅವಳನ್ನು ಯಾರಾದರೂ ಕೇಳಿದರೆ ಎಂದು ಒಬ್ಬ ಹುಡುಗಿ ಒಮ್ಮೆ ಕೇಳಿದಾಗ ವರ್ಗವೆಲ್ಲ ಸ್ತಬ್ಧವಾಯಿತು. ಪ್ರತಿಯೊಂದು ದಾನಕ್ಕೂ ಈ ಪ್ರಶ್ನೆಯನ್ನು ಹಾಕಬೇಕೆಂದು ನಮಗೆ ತೋರುತ್ತದೆ.

ಕೇಳಿ ಕೊಟ್ಟ ದಾನ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ನೆರೆಯ ಸೊಲ್ಲಾಪುರವೇ ಸಾಕ್ಷಿ. ೧೯೭೦ರ ದಶಕದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿ ಕೈಪಂಪು ಕೂಡಿಸಿದರು. ಅವು ಒಂದು ಮನೆಯ ಬಳಕೆಗೆಂದು ಪರದೇಶದಲ್ಲಿ ರೂಪಿಸಿದ ಪಂಪುಗಳ ಅನುಕರಣ; ಇಡಿಯ ಊರು ಬೆಳಗಿನಿಂದ ರಾತ್ರಿಯವರೆಗೆ ಜಗ್ಗಿದಾಗ ಮುರಿದು ಬಿದ್ದವು. ಬಹುಪಾಲು ಪಂಪುಗಳು ಕೆಟ್ಟು ನಿಂತಿವೆಯೆಂದು ತಿಳಿದಾಗ, ಯಾವುದು ನಿಂತಿಲ್ಲವೆಂದು ಹುಡುಕಿದರು. ಸೊಲ್ಲಾಪುರದ ಮಿಶನ್ನಿನವರು ಇಲ್ಲಿಯ ಬಳಕೆಯನ್ನು ಕಂಡು ರೂಪಿಸಿದ ಪಂಪು ತಾಳಿಕೊಂಡಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಯುನಿಸೆಫ್ ಮತ್ತು ನಮ್ಮ ದೇಶದ ಇಂಜಿನಿಯರರು 'ಇಂಡಿಯಾ ಮಾರ್ಕ್ ೨' ಎಂಬ ಪಂಪನ್ನು ಸಿದ್ಧಪಡಿಸಿದರು. ಯಾರೂ ಅದರ ಮೇಲೆ ಒಡೆತನ ಸಾಧಿಸಲಿಲ್ಲ; ಯಾರು ಬೇಕಾದರೂ ಮಾಡಬಹುದಾಯಿತು. ಇಂದು ಅದು ಆಫ್ರಿಕಾ ಖಂಡದ ಎಷ್ಟೋ ಹಳ್ಳಿಗಳಲ್ಲಿ ನೀರೆತ್ತುತ್ತಿದೆ. ಹತ್ತಿರದ ಬಾಯಾರಿಕೆಯನ್ನು ಕಣ್ಣಿಟ್ಟು ನೋಡಿದವರ ಕೆಲಸವೇ ದೂರದ ಬಾಯಾರಿಕೆಗೂ ಒದಗಿತು.

ರೋಟರಿಯ ನಿಧಿಯ ಕಟ್ಟಳೆಗಳಲ್ಲಿಯೂ ಈ ಅರಿವು ಕಾಣುತ್ತದೆ. ೩೦,೦೦೦ ಡಾಲರಿಗೆ ಕಡಿಮೆಯಿಲ್ಲದ ದೊಡ್ಡ ಯೋಜನೆಗೆ ಎರಡು ದೇಶಗಳ ಕ್ಲಬ್ಬುಗಳು ಜೊತೆಗೂಡಬೇಕು. ಒಂದು ಕೆಲಸ ನಡೆಯುವ ನಾಡಿನದು, ಇನ್ನೊಂದು ಹೊರಗಿನದು. ಹಣ ಕೇಳುವ ಮೊದಲು ಆ ಊರವರ ಅವಶ್ಯಕತೆಯನ್ನು ವಿಚಾರಿಸಬೇಕು. ಹಣ ತೀರಿದ ಮೇಲೆಯೂ ಕೆಲಸ ನಿಲ್ಲದಂತೆ ಏರ್ಪಾಡು ತೋರಿಸಬೇಕು. ಕಟ್ಟಳೆ ಕಾಗದದ ಮೇಲಿದ್ದರೆ ಸಾಲದು. ಆದರೆ ದೂರದ ಕೈಗೆ ಹತ್ತಿರದ ಕಣ್ಣನ್ನು ಜೋಡಿಸಬೇಕೆಂಬ ವಿವೇಕ ಅದರಲ್ಲಿದೆ.

ನೀರು, ಅಕ್ಷರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವದೇಕೆಂದು ಕೇಳಬಹುದು. ಬೇಸಿಗೆಯ ಹಾಜರಿ ಪುಸ್ತಕವನ್ನು ತೆರೆದ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ದೂರವಾದ ದಿನ ಮೊದಲು ಖಾಲಿಯಾಗುವದು ಹುಡುಗಿಯರ ಸಾಲು. ತಲೆಯ ಮೇಲೆ ಕೊಡವಿದ್ದಾಗ ಕೈಯಲ್ಲಿ ಪಾಟಿ ಇರಲಾರದು. ಹಾಗೆಯೇ, ಪಂಪಿನ ವಂತಿಗೆಯ ಲೆಕ್ಕವನ್ನು ಓದಬಲ್ಲವರು, ನೀರಿನ ಪರೀಕ್ಷೆಯ ಕಾಗದವನ್ನು ತಿಳಿಯಬಲ್ಲವರು, ಕೆಟ್ಟಿತೆಂದು ಅರ್ಜಿ ಬರೆಯಬಲ್ಲವರು ಊರಲ್ಲಿಲ್ಲದಿದ್ದರೆ ಕೊಟ್ಟ ನೀರು ಉಳಿಯುವದಿಲ್ಲ. ನೀರು ಅಕ್ಷರಕ್ಕೆ ಹೊತ್ತು ಕೊಡುತ್ತದೆ. ಅಕ್ಷರ ನೀರನ್ನು ಕಾಯುತ್ತದೆ. ಆ ಅಕ್ಷರವಾದರೂ ತಾಯಿನುಡಿಯದಾಗಿರಬೇಕೆಂಬುದನ್ನು ಗಡಿನಾಡಿನ ಕನ್ನಡ ಶಿಕ್ಷಕರಾದ ನಾವು ಬೇರೆ ಹೇಳಬೇಕೆ?

ಇನ್ನು ಆ ತಾಯಿಗೆ ನಮ್ಮ ಉತ್ತರ. ತಾಯೀ, ನಿಮ್ಮ ಕೊಡ ತುಂಬಬೇಕೆಂಬುದು ನಿಜ. ಅದಕ್ಕಾಗಿ ನಿಮ್ಮೊಡನೆ ನಿಂತು ಪಂಚಾಯಿತಿಯನ್ನು ಕೇಳುವದು ನಮ್ಮ ಮೊದಲ ಕೆಲಸ. ಅದನ್ನು ಮಾಡದೆ ದೂರದ ದೇಶಕ್ಕೆ ಡಬ್ಬಿ ಹಿಡಿದರೆ ನೀವು ನಕ್ಕದ್ದು ಸರಿ. ಆದರೆ ನಮ್ಮ ಕೊಡ ಪೂರ್ತಿ ತುಂಬಿದ ಮೇಲೆಯೇ ಇನ್ನೊಬ್ಬರ ಕಡೆಗೆ ನೋಡುವೆವೆಂದರೆ ಆ ದಿನ ಎಂದಿಗೂ ಬರಲಾರದು. ತುಂಬಿದ ಕೊಡದವರು ಯಾವಾಗಲೂ ಇನ್ನೊಂದು ಕೊಡವನ್ನು ತರುತ್ತಾರೆ. ಬಾಯಾರಿಕೆಯನ್ನು ಬಲ್ಲ ನಿಮ್ಮ ಮಗನ ಒಂದು ರೂಪಾಯಿ ಉಳ್ಳವರ ಸಾವಿರಕ್ಕಿಂತ ಹೆಚ್ಚು ಅರಿತು ಹೋಗುತ್ತದೆ.

ಒಂದು ಮಾತನ್ನು ಮಾತ್ರ ಸೇರಿಸುತ್ತೇವೆ. ಆ ರೂಪಾಯಿಯ ಜೊತೆಗೆ ಪ್ರಶ್ನೆಗಳನ್ನೂ ಕಳಿಸೋಣ: ನೀವು ಅವರನ್ನು ಕೇಳಿದಿರಾ? ಪಂಪಿನ ಪಾನಾ ಯಾರ ಕೈಯಲ್ಲಿದೆ? ಪುಸ್ತಕ ಯಾವ ನುಡಿಯಲ್ಲಿದೆ? ಬರುವ ವರ್ಷ ಯಾರು ಹೋಗಿ ನೋಡುತ್ತೀರಿ? ಹೀಗೆ ಕೇಳುವದನ್ನು ನಮ್ಮ ಮಕ್ಕಳು ಕಲಿತರೆ, ತಮ್ಮ ಶಾಲೆಗೆ ಬಂದ ದಾನದ ಬಗೆಗೂ ಕೇಳುತ್ತಾರೆ. ಕೇಳಲಿ. ನಾವೂ ನಮ್ಮ ಕಪಾಟಿನ ಕೀಲಿಯನ್ನು ತೆಗೆದಿದ್ದೇವೆ. ಬೇಕಾದ ಕನ್ನಡ ಪುಸ್ತಕಗಳ ಯಾದಿಯನ್ನು ಮಕ್ಕಳೇ ಬರೆಯುತ್ತಿದ್ದಾರೆ.