ತೆರೆಯ ಕೆಳಗಿನ ಎರಡು ಸಾಲು

ಚಲನಚಿತ್ರದ ಕೆಳಗೆ ಮೂಡುವ ಅನುವಾದಕ್ಕೆ, ಎಂದರೆ ಸಬ್‌ಟೈಟಲಿಗೆ, ದೊರೆಯುವುದು ಸಾಮಾನ್ಯವಾಗಿ ಎರಡೇ ಸಾಲು, ಕೆಲವೇ ಕ್ಷಣ. ಮಾತನ್ನು ಕತ್ತರಿಸದೆ ಗತಿಯಿಲ್ಲ. ಏನನ್ನು ಕತ್ತರಿಸಬಹುದೆಂಬುದೇ ಪ್ರಶ್ನೆ.

1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳ ಸಂತೆಗಳಲ್ಲಿ ಕನ್ನಡ, ಉರ್ದು, ಮರಾಠಿಗಳು ಕೂಡಿಯೇ ಓಡಾಡುತ್ತವೆ. ಮರಾಠಿ ಚಿತ್ರದ 'ಆಯಿ'ಯನ್ನು 'ತಾಯಿಯೇ' ಎಂದು ಬರೆದರೆ ತಪ್ಪೇನಲ್ಲ. ಆದರೆ ಆಳಂದದ ಮಗ ಕರೆಯುವುದು 'ಯವ್ವಾ' ಎಂದು. ಮೈಸೂರಿನವರಿಗೂ ಅದು ತಿಳಿದೀತು. ಅಕ್ಷರವೂ ಒಂದು ಉಳಿಯಿತು!

ನನ್ನನ್ನು ಹೆಚ್ಚು ಕಾಡುವುದು ಬೈಗುಳ. ಒಡೆಯನು ಕೂಲಿಯವನ ಜಾತಿಯೆತ್ತಿ ಆಡಿದ ಮಾತನ್ನು ಸಭ್ಯ ಓದುಗರಿಗಾಗಿ 'ಮೂರ್ಖ' ಎಂದು ಮೆತ್ತಗೆ ಮಾಡಿದರೆ, ಮುಂದಿನ ದೃಶ್ಯದಲ್ಲಿ ಕೂಲಿಯವನು ಕೈಯೆತ್ತಿದಾಗ ನೋಡುವವರಿಗೆ ಅವನೇ ಅಪರಾಧಿಯಾಗಿ ಕಾಣುತ್ತಾನೆ. ಸ್ಥಳ ಸಾಲದೆಂಬ ಸಬೂಬು ಇಲ್ಲಿ ನಡೆಯದು. ಆ ಬೈಗುಳವೂ ಅಷ್ಟೇ ಚಿಕ್ಕದು.